ಕುರಿಮರಿ ನೆಕ್ಕಿದ ಫೋನು

ತಪ್ಪು ನನ್ನದೇ. ಕುರಿಮರಿ ನೆಕ್ಕಿದ ಫೋನನ್ನು ನಮ್ಮಜ್ಜನ ಆಪರೇಷನ್ ಗಾಯದ ತನಕ ಮುಟ್ಟಿಸಿದವನು ನಾನೇ. ಅದಕ್ಕೂ ಮುಂಚೆ ಸೋಪು ಹಾಕಿ ಮೊಣಕೈತನಕ ಕೈ ತೊಳೆದುಕೊಂಡಿದ್ದೆ ಅನ್ನುವುದು ನನ್ನ ಸಮಾಧಾನ. ನನ್ನ ದಡ್ಡತನಕ್ಕೆ ಸಾಕ್ಷಿಯೂ ಅದೇ.

ಹರಿಯಬ್ಬೆಯ ನಮ್ಮಜ್ಜನಿಗೆ ದುರ್ಗದ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಕುರಿಗಳ ಪಾಲನೆ ನನ್ನ ತಲೆಗೆ ಬಂತು. ನಾನೋ, ಊರಿನವರ ದನಿಯನ್ನೆಲ್ಲ ಕದ್ದವನು. ಮೇಷ್ಟ್ರ ಕೆಮ್ಮು, ಕಂಡಕ್ಟರನ "ಮುಂದಕ್ಕೆ ಹೋಗ್ರೀ", ಹೆಣ್ಣು ನೋಡಲು ಹೋದಾಗ ಬೆಕ್ಕಿನಂತಾದ ನನ್ನದೇ ಗಂಟಲು, ಎಲ್ಲ ಬರುತ್ತೆ. ಆದರೆ ಅಜ್ಜನ ಹಾಗೆ ಕೂಗಿದರೆ ಒಂದು ಕುರಿಯೂ ತಲೆ ಎತ್ತಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿದ್ದ ಅಮ್ಮನಿಗೆ ಫೋನ್ ಹಚ್ಚಿ, ಅಜ್ಜನ ಕೈಲೇ ಕೂಗಿಸಿ, ಸ್ಪೀಕರ್ ಹಾಕಿ ಕುರಿಗಳ ಮೂತಿಗೆ ಹಿಡಿದೆ. ಮಂದೆಯೆಲ್ಲ ಎದ್ದು, ಅವತ್ತು ಮೇಯಿಸಲು ಒಪ್ಪಿದ್ದ ಚಿಕ್ಕಪ್ಪನ ಹಿಂದೆ ಹೊರಟಿತು. ಒಂದು ಮರಿ ಮಾತ್ರ ಅಜ್ಜ ಒಳಗೇ ಇದ್ದಾನೆಂದು ಫೋನನ್ನು ಪೂರ್ತಿ ನೆಕ್ಕಿತು. ಪ್ಯಾಂಟಿಗೆ ಒರೆಸಿ ದುರ್ಗದ ಬಸ್ಸು ಹತ್ತಿದೆ.

ವಾರ್ಡಿನ ಸಿಸ್ಟರಮ್ಮ ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಸ್ಪಿರಿಟ್ಟಿನ ಹತ್ತಿಯಲ್ಲಿ ಕೈ ಒರೆಸಿಕೊಳ್ಳುವವರು. ಬಾಗಿಲಲ್ಲೇ ನನ್ನ ಕೈ ತೊಳೆಸಿದರು. ತೊಳೆದೆ, ಆಮೇಲೆ ಜೇಬಿನಿಂದ ಫೋನ್ ತೆಗೆದೆ! ಅಜ್ಜನಿಗೆ ತೋರಿಸಲೆಂದು ಹಿಡಿದಿದ್ದ ಕುರಿಗಳ ವಿಡಿಯೋ ನೋಡಲು ಪಕ್ಕದ ಮಂಚದ, ಕಾಲು ಮುರಿದ ಹೊಳಲ್ಕೆರೆಯವರು ಇಸಕೊಂಡರು, ಹೊಸದುರ್ಗದ ಕೆಮ್ಮಿನ ಯಜಮಾನರು ಇಸಕೊಂಡರು. ಸುತ್ತಾಡಿ ಬಂದದ್ದನ್ನು ಅಜ್ಜ ಹೊಟ್ಟೆಯ ಬ್ಯಾಂಡೇಜಿಗೇ ಒರಗಿಸಿಕೊಂಡು ನೋಡಿದ.

ಸಂಜೆ ಅಜ್ಜನ ಮೈ ಸುಡತೊಡಗಿತು.

ಸಿಸ್ಟರಮ್ಮ ಕೇಳಿದ್ದು ಒಂದೇ: "ಕೈಯೇನೋ ತೊಳ್ದೆ. ಫೋನ್ ಎಲ್ಲೆಲ್ಲಿ ಅಡ್ಡಾಡಿ ಬಂದೈತಪ್ಪ?"

ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ನೆಲ ಅಗೆದು, ಹಳೆಯ ಕಾಲದವರು ಏನೇನು ಬಳಸಿದರೆಂದು ಪದರ ಪದರವಾಗಿ ಪತ್ತೆ ಮಾಡಿದ್ದಾರೆ. ನನ್ನ ಫೋನಿನ ಕವರ್ ಬಿಚ್ಚಿದರೆ ಅಷ್ಟು ಕಷ್ಟವೂ ಬೇಡ. ಮೇಲೆ ಮಂಡಕ್ಕಿಯ ಎಣ್ಣೆ, ಅದರಡಿ ಬಸ್ಸಿನ ಧೂಳು, ತಳದಲ್ಲಿ ಎರಡೆಳೆ ಉಣ್ಣೆ. ಕಕ್ಕಸಿನ ಕಾಲದ ಪದರವೂ ಒಂದಿದೆ, ವಿವರಿಸಲಾರೆ. ನೀವು ಇದನ್ನು ಫೋನಿನಲ್ಲೇ ಓದುತ್ತಿದ್ದರೆ, ಸದ್ಯಕ್ಕೆ ಬೆರಳು ಬಾಯಿಗೆ ಹೋಗದಿರಲಿ. ಅಜ್ಜನಿಗೆ ಏನಾದರೂ ಆದರೆ ಕುರಿಗಳಿಗೆ ಯಾವ ದನಿಯಲ್ಲಿ ಹೇಳುವುದು? ಬೆಳಗಿನ ತನಕ ಯಾರನ್ನೂ ಅಣಕಿಸಲಿಲ್ಲ. ನನ್ನ ಜೀವನದಲ್ಲಿ ಅದೇ ದಾಖಲೆ.

ಬೆಳಿಗ್ಗೆ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ, "ಗಾಯ ಚೆನ್ನಾಗಿದೆ. ಆಪರೇಷನ್ ಆದಮೇಲೆ ಒಂದಿಷ್ಟು ಮೈ ಕಾಯೋದುಂಟು, ಈಗ ಇಳಿದಿದೆ" ಅಂದರು. ಅಜ್ಜ ಕಣ್ಣು ಬಿಟ್ಟು, "ಲೇ, ಕುರಿ ಮೇಯಕ್ಕೆ ಹೋದ್ವೇನಲೇ?" ಅಂದ. ಅಷ್ಟು ಇಂಪಾದ ಬೈಗುಳದ ದನಿ ನಾನು ಕೇಳಿರಲಿಲ್ಲ.

ಜೀವ ಹಗುರಾದೊಡನೆ ಹಳೇ ಚಾಳಿ ಬಂತು. ಸೊಂಟಕ್ಕೆ ಕೈ ಕೊಟ್ಟು, ವಾರ್ಡಿಗೆಲ್ಲ ಕೇಳುವಂತೆ, "ಫೋನ್ ಎಲ್ಲೆಲ್ಲಿ ಅಡ್ಡಾಡಿ ಬಂದೈತಪ್ಪ?" ಅಂದೆ. ಸಾಕ್ಷಾತ್ ಸಿಸ್ಟರಮ್ಮನೇ! ಅಜ್ಜ ಹೊಲಿಗೆ ಹಿಡಿದುಕೊಂಡು ನಕ್ಕ. ವಾರ್ಡಿನ ನಗು ತಟ್ಟನೆ ನಿಂತಿತು. ತಿರುಗಿದರೆ ಸಿಸ್ಟರಮ್ಮ ಬೆನ್ನ ಹಿಂದೆಯೇ ಇದ್ದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ನನ್ನ ಅಂಗೈಗಿಟ್ಟು ಅಂದರು:

"ನನ್ ಬಾಯಿ ಚೆನ್ನಾಗಿ ಕಲ್ತೀಯಪ್ಪ. ಈಗ ನನ್ ಕೈ ಅಣಕಿಸು, ನೋಡಾನ."