ಸ್ವಲ್ಪಣ್ಣನ ತಲೆ, ಪಕ್ಕದೂರಿನ ಕತ್ತರಿ

ನಮ್ಮ ಬೀದಿಯ ಕ್ಷೌರಿಕನ ನಿಜವಾದ ಹೆಸರು ಅವನ ಹೆಂಡತಿಗೂ ಥಟ್ಟನೆ ನೆನಪಾಗಲಿಕ್ಕಿಲ್ಲ. “ಸ್ವಲ್ಪ ಬಗ್ಗಿ, ಸ್ವಲ್ಪ ಎತ್ತಿ, ಸ್ವಲ್ಪ ಅಲ್ಲಾಡ್ಬೇಡಿ” ಎಂದು ದಿನವಿಡೀ ಹೇಳುವ ಅವನು ಎಲ್ಲರಿಗೂ ಸ್ವಲ್ಪಣ್ಣ. ಬೀದಿಯ ತಲೆಗಳನ್ನೆಲ್ಲ ತಿದ್ದುವ ಈ ಮನುಷ್ಯ ತನ್ನ ತಲೆಯನ್ನು ಮಾತ್ರ ಈ ಊರಿನ ಯಾರ ಕೈಗೂ ಕೊಟ್ಟವನಲ್ಲ. ಕೂದಲು ಕಾಲರಿಗೆ ತಾಗಿತೋ, ಪಕ್ಕದೂರಿನ ಗಾಡಿ ಹತ್ತುತ್ತಾನೆ. ಅಲ್ಲಿ ಅವನ ಅಣ್ಣನ ಅಂಗಡಿ. ಕೆಲಸ ಕಲಿಸಿದವನೂ ಆ ಅಣ್ಣನೇ, ಕಲಿಸುವಾಗ ಬಾಚಣಿಗೆಯಿಂದ ಬೆರಳಿನ ಗೆಣ್ಣಿಗೆ ಕುಟ್ಟಿದವನೂ ಅವನೇ.

ಈ ಸಲ ನಾನೂ ಜೊತೆಗೆ ಹೊರಟೆ. ನನ್ನದು ಯಾವತ್ತೂ ಜುಗ್ಗನ ಪ್ರವಾಸ: ಸಿಕ್ಕಸಿಕ್ಕಲ್ಲಿ ನಿಲ್ಲುವ ಗಾಡಿ, ಮನೆಯ ಬುತ್ತಿ, ನಲ್ಲಿ ನೀರು.

“ಅಗ್ಗದ ಟಿಕೆಟ್ಟಿಗೆ ಹೆಚ್ಚು ಹೊತ್ತು ಕೂರಿಸ್ತಾರೆ ಕಣೇ, ಲಾಭ,” ಎಂದು ಮನೆಯಿಂದ ಹೊರಡುವಾಗ ಹೆಂಡತಿಗೆ ಹೇಳಿದೆ.

“ಹಾಗಾದ್ರೆ ಅಲ್ಲೇ ಕೂತಿರಿ, ನಂಗೂ ಲಾಭ,” ಎಂದಳು.

ಗಾಡಿಯಲ್ಲಿ ಸ್ವಲ್ಪಣ್ಣ ಬುತ್ತಿ ಮುಟ್ಟಲಿಲ್ಲ. ಯಾಕಯ್ಯಾ ಎಂದು ಕೆದಕಿದೆ.

“ಅಣ್ಣನ ಕೈ ನಡುಗ್ತಿದೆ ಸಾರ್. ಗಿರಾಕಿಗಳು ಒಬ್ಬೊಬ್ರೇ ಬಿಟ್ಟಿದಾರೆ. ಈ ಸಲ ನಿನ್ನ ತಲೇನೂ ಕೆಡಿಸಿದ್ರೆ ಅಂಗಡಿ ಮುಚ್ತೀನಿ ಅಂತ ಹೇಳ್ಕಳ್ಸಿದಾನೆ. ಅತ್ತಿಗೆ ಹೋದ್ಮೇಲೆ ಅವನಿಗೆ ಇರೋದೇ ಆ ಕುರ್ಚಿ. ಅದೂ ಹೋದ್ರೆ ಮನುಷ್ಯ ಹಾಸಿಗೆ ಹಿಡೀತಾನೆ.”

ಅಂಗಡಿಯೆಂದರೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಅಂಚಿನಲ್ಲಿ ಕಪ್ಪಾದ ಕನ್ನಡಿ, ಕಾಲಿನಿಂದ ಒತ್ತಿದರೆ ನರಳುತ್ತ ಏರುವ ಕುರ್ಚಿ. ಬಿಳಿ ಮೀಸೆಯ ಅಣ್ಣ ತಮ್ಮನನ್ನು ಮೇಲಿಂದ ಕೆಳಗೆ ನೋಡಿದ.

“ಬಂದ್ಯಾ ಕರಡಿ? ಕೂತ್ಕೋ.”

ಕತ್ತರಿ ಗಾಳಿಯಲ್ಲಿ ಚಕಚಕ ಎಂದಿತು. ತಲೆಗೆ ಇಳಿದಾಗ ತಾಳ ತಪ್ಪಿತು. ನೋಡಲಾರದೆ ನಾನು ಹಳೆಯ ಪತ್ರಿಕೆಯೊಂದರಲ್ಲಿ ಮುಖ ಹುದುಗಿಸಿ, ಕೂದಲು ಬೆಳೆಸುವ ಎಣ್ಣೆಯ ಜಾಹೀರಾತನ್ನು ಬಾಯಿಪಾಠ ಮಾಡತೊಡಗಿದೆ. ಕಚಕ್ಕೆಂದಿತು. ತಲೆಯೆತ್ತಿದರೆ ಸ್ವಲ್ಪಣ್ಣನ ಬಲಗಿವಿಯ ಹಿಂದೆ ಒಂದು ಕಿಟಕಿ ತೆರೆದುಕೊಂಡಿತ್ತು.

ಕೆಲಸ ಮುಗಿದ ಮೇಲೆ ಪದ್ಧತಿಯಂತೆ ಅಣ್ಣ ಹಿಂದಿನಿಂದ ಕೈಗನ್ನಡಿ ಹಿಡಿದ. ಕನ್ನಡಿ ಗಡಗಡ ನಡುಗಿತು. ಸ್ವಲ್ಪಣ್ಣ ಅದರತ್ತ ನೋಡದೆಯೇ, “ಫಸ್ಟ್‌ಕ್ಲಾಸ್ ಅಣ್ಣ,” ಎಂದ.

ಅಣ್ಣ ಹೆಬ್ಬೆರಳನ್ನು ಆ ಜಾಗದ ಮೇಲೆ ಮೆಲ್ಲಗೆ ಎಳೆದ.

“ಸುಳ್ಳು ಹೇಳೋದು ಮಾತ್ರ ನಾನು ಕಲಿಸಿರ್ಲಿಲ್ಲ. ಷಟರ್ ಎಳಿ. ಮುಗೀತು.”

ಸ್ವಲ್ಪಣ್ಣ ಎದ್ದ. ಷಟರಿನತ್ತ ಹೋಗದೆ, ಅಣ್ಣನ ಭುಜ ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದ.

“ಸ್ವಲ್ಪ ಬಗ್ಗು.”

ಬೆಣ್ಣೆಯಲ್ಲಿ ಕೂದಲೆಳೆದಂತೆ ಕತ್ತರಿ ಸಾಗಿತು. ಕೊನೆಗೆ ಅಣ್ಣನ ಬಲಗಿವಿಯ ಹಿಂದೆ ಬಂದು, ಬೇಕೆಂದೇ ಕಚಕ್ ಎಂದು ಅಷ್ಟೇ ದೊಡ್ಡ ಕಿಟಕಿ ತೆರೆಯಿತು.

“ಲೇ! ಏನೋ ಮಾಡ್ದೆ?”

“ನಿನ್ನ ತಲೇನ ನಾನೂ ಕೆಡಿಸ್ದೆ. ನನ್ನ ಅಂಗಡೀನೂ ಮುಚ್ಲಾ? ಹೇಳು, ಮುಚ್ತೀನಿ.”

ಅಣ್ಣ ತಡವಿಕೊಂಡ. ಕೈಗನ್ನಡಿ ತರಿಸಿ ತಲೆ ಹೊರಳಿಸಿ ಹೊರಳಿಸಿ ನೋಡಿದ.

“ಕತ್ತೆ,” ಎಂದ. “ಕೆಡಿಸೋದನ್ನೂ ಎಷ್ಟು ನೀಟಾಗಿ ಕೆಡಿಸಿದೀಯ.”

ಆಮೇಲೆ ಡ್ರಾಯರಿನಿಂದ ಕ್ಷೌರದ ಕತ್ತಿ ತೆಗೆದು, ಮಡಚಿ ತಮ್ಮನ ಜೇಬಿಗಿಟ್ಟ. “ಇದನ್ನ ನೀನು ಇಟ್ಕೋ. ಜನರ ಕುತ್ತಿಗೆ ಹತ್ರ ಇನ್ನು ನನ್ನ ಕೈ ಬೇಡ. ಕತ್ತರಿ ಇಲ್ಲೇ ಇರ್ಲಿ. ನಂಬಿ ಬರೋರು ಯಾರಾದ್ರೂ ಬಂದ್ರೆ ನೋಡೋಣ.”

ಇಬ್ಬರೂ ನನ್ನತ್ತ ತಿರುಗಿದರು. ಕಿವಿಗಳ ಆಸುಪಾಸಿನ ನಾಲ್ಕು ಎಳೆ ಬಿಟ್ಟರೆ ನನ್ನ ತಲೆ ಬಟಾಬಯಲು. ಅದು ಒಬ್ಬರ ಉಪಯೋಗಕ್ಕೆ ಬರುವ ಲಕ್ಷಣ ಕಂಡದ್ದು ಅದೇ ಮೊದಲು. ಹೋಗಿ ಕುಳಿತೆ.

“ಇಲ್ಲಿ ಕೆಡಿಸೋಕೆ ಏನಿದೆಯಪ್ಪಾ!” ಎಂದ ಅಣ್ಣ. ದನಿಗೆ ಹುರುಪು ಬಂದಿತ್ತು. ಹೊದಿಕೆ ಕೊಡವಿ ನನ್ನ ಕೊರಳಿಗೆ ಕಟ್ಟಿದ. “ಸ್ವಲ್ಪ ಬಗ್ಗಿ ಸಾರ್. ಸ್ವಲ್ಪ ಅಲ್ಲಾಡ್ಬೇಡಿ.”

ಓಹೋ, ಆ ‘ಸ್ವಲ್ಪ’ ಬಂದದ್ದು ಇಲ್ಲಿಂದ!

ಮರುದಿನ ನಮ್ಮ ಬೀದಿಯಲ್ಲಿ ನಗುವೋ ನಗು. “ಏನಯ್ಯಾ, ಇಲಿ ಕಡೀತಾ?” ಎಂದು ಹಾಲಿನವನು ಕೆಣಕಿದ. ಸ್ವಲ್ಪಣ್ಣ ಟೋಪಿ ಹಾಕಲಿಲ್ಲ. ಕಿವಿಯನ್ನು ಮುಂದಕ್ಕೆ ಮಡಚಿ ಚೆನ್ನಾಗಿಯೇ ತೋರಿಸಿದ.

“ನಮ್ಮಣ್ಣನ ಕೈಕೆಲಸ. ಮುಂದಿನ ಸಲ ಹೋಗೋ ಹೊತ್ತಿಗೆ ಬೆಳ್ಕೊಂಡಿರತ್ತೆ ಬಿಡಿ.”