ಹಾಯಿಯ ಅಡ್ಡಮರ

ಹನಕೆರೆಯ ನಮ್ಮ ಪಕ್ಕದ ಮನೆಯವರು ನೇವಿಯಿಂದ ರಿಟೈರಾಗಿ ಬಂದವರು. ಟೀ ಬಗ್ಗಿಸಿದರೆ ಅರ್ಧ ಲೋಟಕ್ಕೇ ಅಂಗೈ ಅಡ್ಡ ಹಿಡಿದು, “ಸಾಕು ಬುಡು” ಅನ್ನೋರು. ಹಿನ್ನೀರಿನಲ್ಲಿ ಅವರದೊಂದು ಹಾಯಿದೋಣಿ ಇತ್ತು. ಚುಕ್ಕಾಣಿ ಇವರದು, ಹಾಯಿಯ ಹಗ್ಗ ಹೆಂಡತಿಯದು. ಆಯಮ್ಮ ತೀರಿಕೊಂಡ ಮೇಲೆ ದೋಣಿ ದಡದಲ್ಲೇ ಬಿದ್ದಿತ್ತು. ಹಾಯಿಯ ಕೆಳಂಚು ಕಟ್ಟುವ ಅಡ್ಡಮರ ಬಿಸಿಲಿಗೆ ಸೀಳಿಹೋಯಿತು.

ಹೊಸದನ್ನು ಜಗಲಿಯಲ್ಲಿ ಕೂತು ಅವರೇ ತೇಗದಲ್ಲಿ ಮಾಡಿದರು. ತೋಪಡ ಹೊಡೆದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಮತ್ತೆ ಹೊಡೆಯೋರು. ಮುಗಿದ ದಿನ ಹಳೆಯದರ ಪಕ್ಕ ಇಟ್ಟು ನೋಡಿದೆ. ಹೊಸದು ಒಂದು ಮೊಳ ಗಿಡ್ಡ.

“ಅಳತೆ ತಪ್ಪೋಯ್ತಲ್ಲಣ್ಣ,” ಅಂದೆ.

“ಇಲ್ಲ ಕಣ್ಲಾ. ಹಾಯಿ ಬಟ್ಟೇನೂ ಕತ್ರಿಸಿವ್ನಿ. ಇನ್ಮೇಲೆ ಅಗ್ಗಾನೂ ನಾನೇ ಇಡ್ಕೋಬೇಕಲ್ಲ.” ಮರವನ್ನು ಅಂಗೈಯಲ್ಲಿ ಸವರಿದರು. “ಒಬ್ಬನ್ ಕೈಗೆ ಇಷ್ಟು ಸಾಕು ಬುಡು.”