ವಿಲಾಸಿನಿ ಚೇಚಿಯ ಹನ್ನೆರಡು ಕ್ಯಾಲೆಂಡರು

ವಾಚನಾಲಯದ ಪರದೆಯ ಮೇಲೆ ತನ್ನ ಫೋಟೋ ಬಂದಾಗ ವಿಲಾಸಿನಿಗೆ ಮೊದಲು ಖುಷಿಯೇ ಆಯಿತು. ಸೊಂಟದವರೆಗೆ ನೀರಲ್ಲಿ ನಿಂತು, ತಲೆಗೆ ತೋರ್ತು ಟವೆಲು ಸುತ್ತಿ, ಮರುವಾಯಿ ಚಿಪ್ಪಿನ ಬುಟ್ಟಿ ಎತ್ತುತ್ತಿರುವ ಫೋಟೋ. ಪಕ್ಕದಲ್ಲಿದ್ದ ಹೆಂಗಸರು ಮೊಣಕೈಯಿಂದ ತಿವಿದರು. ಅಷ್ಟರಲ್ಲಿ ಫೋಟೋದ ಕೆಳಗಿನ ಸಾಲನ್ನು ವಿಶ್ವವಿದ್ಯಾಲಯದ ಹುಡುಗಿ ಜಿಸ್ಮಿ ಮೈಕಿನಲ್ಲಿ ಓದಿದಳು: "ಸ್ಥಳೀಯರ ಅರಿವಿನ ಕೊರತೆಯಿಂದ ಮರಿ ಚಿಪ್ಪುಗಳನ್ನು ಮಿತಿಮೀರಿ ಬಾಚಲಾಗುತ್ತಿದೆ. ಚಿಪ್ಪುಗಳು ಕಡಿಮೆಯಾಗಲು ಇದೇ ಮುಖ್ಯ ಕಾರಣ."

ವಿಲಾಸಿನಿಯ ಕಿವಿ ಬಿಸಿಯಾಯಿತು.

ಐವತ್ತೆಂಟು ವರ್ಷದ ಈ ಹೆಂಗಸು ಆ ಸಭಾಂಗಣಕ್ಕೆ ಹೊಸಬಳಲ್ಲ. ಆಲಪ್ಪುಳದ ಕಡೆಯ ಹಿನ್ನೀರಿನ ದಂಡೆಯ ಆ ಊರಿನ ವಾಚನಾಲಯಕ್ಕೆ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ವಿಶ್ವವಿದ್ಯಾಲಯದವರು ಬಂದು ಉಪನ್ಯಾಸ ಕೊಡುತ್ತಿದ್ದರು. ಟಿಕೆಟ್ಟಿಲ್ಲ, ಯಾರು ಬೇಕಾದರೂ ಕೂರಬಹುದು, ಏನು ಬೇಕಾದರೂ ಕೇಳಬಹುದು. ನಾಲ್ಕು ವರ್ಷದಲ್ಲಿ ಅವಳು ತಪ್ಪಿಸಿಕೊಂಡದ್ದು ಒಂದೇ ಒಂದು, ಅದೂ ಮಗಳ ಹೆರಿಗೆಯ ದಿನ. ಬೆಳಗ್ಗೆ ಮರುವಾಯಿ ಬೇಯಿಸಿ, ಮಾಂಸ ಬಿಡಿಸಿ, ಮಾರಿ ಬಂದು, ಕೈಯ ವಾಸನೆ ಹೋಗುವವರೆಗೆ ಸೋಪು ತಿಕ್ಕಿ ಓಡಿ ಬರುವಳು. ಹಾವಿನ ವಿಷವಾಗಲಿ, ಚಂದ್ರನ ಮಣ್ಣಾಗಲಿ, ಮುದುಕರ ಮರೆವಾಗಲಿ, ಅವಳಿಗೆ ಎಲ್ಲವೂ ಬೇಕು.

"ಚೇಚಿ, ನಿಮಗೆ ಡಾಕ್ಟರೇಟ್ ಯಾವಾಗ?" ಎಂದು, ಊರಿನವರಂತೆ ಅವಳನ್ನು ಅಕ್ಕನೆಂದೇ ಕರೆಯುವ ಗ್ರಂಥಪಾಲಕ ತಿಲಕನ್ ಕಾಲೆಳೆದರೆ, "ನೀನು ಆ ಕಪಾಟಿನ ಧೂಳು ಹೊಡೆದ ಮಾರನೇ ದಿನ" ಎನ್ನುವಳು.

ಜಿಸ್ಮಿ ಪರಿಚಯವಾದದ್ದೂ ಅಂಥದೇ ಒಂದು ಶನಿವಾರ. ಮರುವಾಯಿ ಯಾಕೆ ಕಡಿಮೆಯಾಗುತ್ತಿದೆ ಎಂದು ಸಂಶೋಧನೆ ಮಾಡಲು ಬಂದ ಹುಡುಗಿ. ದೋಣಿ ಹತ್ತಲೂ ಬಾರದು. ವಿಲಾಸಿನಿ ಹನ್ನೊಂದು ತಿಂಗಳು ಅವಳನ್ನು ತನ್ನ ದೋಣಿಯಲ್ಲಿ ಸುತ್ತಿಸಿದಳು. ಮರಗೆಣಸು ಬೇಯಿಸಿ ಹಾಕಿದಳು. ಕೊನೆಗೆ ಅಡುಗೆಮನೆಯ ಅಟ್ಟದಿಂದ ಹನ್ನೆರಡು ವರ್ಷದ ಕ್ಯಾಲೆಂಡರುಗಳನ್ನು ಇಳಿಸಿ ಕೊಟ್ಟಳು. ಕಡಲಿನ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ಒಡ್ಡಿನ ಗೇಟು ಯಾವ ದಿನ ಮುಚ್ಚಿತು, ಯಾವ ದಿನ ತೆರೆಯಿತು, ನೀರಿನ ರುಚಿ ಹೇಗಿತ್ತು, ಎಷ್ಟು ಬುಟ್ಟಿ ಸಿಕ್ಕಿತು, ಎಲ್ಲವನ್ನೂ ಅವಳು ತಾರೀಖಿನ ಚೌಕದೊಳಗೆ ಬರೆದಿಟ್ಟಿದ್ದಳು. ಗೇಟು ಹೆಚ್ಚು ದಿನ ಮುಚ್ಚಿದ್ದ ವರ್ಷ ಬುಟ್ಟಿ ಕಡಿಮೆ. ಅಕ್ಷರ ಬಲ್ಲ ಯಾರಿಗಾದರೂ ಅದು ಕಾಣುತ್ತಿತ್ತು. ಜಿಸ್ಮಿ ಪುಟಪುಟವನ್ನೂ ಫೋಟೋ ತೆಗೆದುಕೊಂಡು, "ಅಮ್ಮಾ, ಇದು ಚಿನ್ನ" ಎಂದಿದ್ದಳು.

ಈಗ ಆ ಚಿನ್ನದ ಸುದ್ದಿಯೇ ಇಲ್ಲ. ವಿಲಾಸಿನಿ ಎದ್ದು ನಿಂತಳು.

"ಮೋಳೇ," ಎಂದು ಮಗಳನ್ನು ಕರೆಯುವಂತೆ ಕರೆದಳು, "ಒಡ್ಡಿನ ಗೇಟಿನ ವಿಷಯ ಎಲ್ಲಿ?"

ಜಿಸ್ಮಿ ತಲೆ ಬಗ್ಗಿಸಿದಳು. ವೇದಿಕೆಯಲ್ಲಿದ್ದ ಅವಳ ಪ್ರೊಫೆಸರ್ ಕುರುಪ್ಪ್ ಮೈಕು ತೆಗೆದುಕೊಂಡರು. "ಪ್ರಶ್ನೆ ಮಾತ್ರ ಕೇಳಿ ಅಮ್ಮಾ, ಭಾಷಣ ಬೇಡ."

"ಪ್ರಶ್ನೇನೇ ಸಾರ್ ಕೇಳಿದ್ದು. ಗೇಟು ಮುಚ್ಚಿ ಉಪ್ಪುನೀರು ಬರದಿದ್ರೆ ಮರಿ ಹುಟ್ಟಲ್ಲ. ಹುಟ್ಟದೇ ಇರೋ ಮರಿನ ನಾನು ಹೆಂಗೆ ಬಾಚ್ಲಿ?"

ಕೂತವರೆಲ್ಲ ನಕ್ಕರು. ಪ್ರೊಫೆಸರ್ ನಗಲಿಲ್ಲ. "ಅದೆಲ್ಲ ತಾಂತ್ರಿಕ ವಿಷಯ. ನಿಮಗೆ ಅರ್ಥವಾಗುವ ಹಾಗೆ ಸರಳ ಮಾಡಿ ಹೇಳಿದ್ದೇವೆ."

"ಸರಳ ಮಾಡಿದ್ದಲ್ಲ ಸಾರ್, ಸುಳ್ಳು ಮಾಡಿದ್ದು! ನನ್ನ ದೋಣಿ ಬೇಕು, ನನ್ನ ಕ್ಯಾಲೆಂಡರ್ ಬೇಕು, ನನ್ನ ಮುಖಾನೂ ಬೇಕು. ನನ್ನ ಮಾತು ಮಾತ್ರ ಬೇಡ ಅಲ್ವಾ? ಅರಿವಿಲ್ಲದೋಳು ಅಂತ ಬರೆಯೋಕೆ ನನ್ನನ್ನೇ ಕೇಳ್ಕೊಂಡು ಬಂದ್ರಾ?"

ಸಭೆ ಅಲ್ಲಿಗೇ ಮುಗಿಯಿತು. ಮುಂದಿನ ತಿಂಗಳು ವಿಶ್ವವಿದ್ಯಾಲಯದ ವ್ಯಾನು ಬರಲೇ ಇಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ಊರು ಅವಳ ಮೇಲೇ ತಿರುಗಿತು. "ನಿಮ್ಮ ನಾಲಿಗೆಯಿಂದ ಇದ್ದ ಒಂದು ಕಾರ್ಯಕ್ರಮಾನೂ ಹೋಯ್ತು ಚೇಚಿ" ಎಂದ ತಿಲಕನ್. ಈ ಸಲ ಅವನು ತಮಾಷೆ ಮಾಡುತ್ತಿರಲಿಲ್ಲ.

"ಬರಬೇಡಿ ಅಂತ ನಾನೆಲ್ಲಿ ಅಂದೆ? ನೆಟ್ಟಗೆ ಹೇಳಿ ಅಂದೆ. ಅವರೇನು ನಮಗೆ ದಾನ ಕೊಡೋಕೆ ಬರ್ತಿದ್ರಾ?"

ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ. ಅವಮಾನ ಮಾಡಿದವರು ಅವರು, ಮುನಿಸಿಕೊಂಡವರೂ ಅವರೇ. ಒಂದು ಸೋಮವಾರ ಕೆಲಸ ಬಿಟ್ಟು, ಕ್ಯಾಲೆಂಡರುಗಳನ್ನು ಬಟ್ಟೆಚೀಲಕ್ಕೆ ತುರುಕಿ, ಎರಡು ಬಸ್ಸು ಬದಲಿಸಿ ವಿಶ್ವವಿದ್ಯಾಲಯಕ್ಕೆ ಹೋದಳು. ಕಾವಲಿನವನು "ಯಾರನ್ನ ನೋಡ್ಬೇಕು?" ಎಂದರೆ, "ನನ್ನ ಮೇಲೆ ಸಂಶೋಧನೆ ಮಾಡಿದೋರನ್ನ" ಎಂದಳು.

ಅವಳನ್ನು ಕಂಡದ್ದೇ ಜಿಸ್ಮಿಯ ಕಣ್ಣು ತುಂಬಿತು. "ಅಮ್ಮಾ, ಗೇಟಿನ ಅಧ್ಯಾಯ ನಾನು ಬರೆದಿದ್ದೆ. ಸಾರ್ ತೆಗೆಸಿದ್ರು. ಗೇಟು ನೋಡ್ಕೊಳ್ಳೋ ಇಲಾಖೆಯವರ ಜೊತೆ ಜಗಳ ಬೇಡ ಅಂದ್ರು."

"ಅವರ ಜೊತೆ ಜಗಳ ಬೇಡ, ನನ್ನ ಜೊತೆ ಆದ್ರೆ ಪರವಾಗಿಲ್ಲ?"

ಹುಡುಗಿ ಅತ್ತಳು. ವಿಲಾಸಿನಿಯ ಕೈ ಅವಳ ತಲೆ ಸವರಲು ಹೋಯಿತು, ಹಿಂದಕ್ಕೆಳೆದುಕೊಂಡಳು. "ಅಳೋದು ಆಮೇಲೆ. ಅದೇ ಹಾಲಿಗೆ ಬಾ. ಅದೇ ಮೈಕಿನಲ್ಲಿ ಹೇಳು. ಇಲ್ಲಿ ನನ್ನೊಬ್ಬಳ ಕಿವಿಗೆ ಹೇಳಿದ್ರೆ ಏನು ಬಂತು?"

ನಾಲ್ಕನೇ ತಿಂಗಳು ಜಿಸ್ಮಿ ಬಂದಳು, ವ್ಯಾನಿನಲ್ಲಲ್ಲ, ಬಸ್ಸಿನಲ್ಲಿ, ಒಬ್ಬಳೇ. ಪ್ರೊಫೆಸರ್ ಅನುಮತಿ ಕೊಟ್ಟಿರಲಿಲ್ಲ. ತಿಲಕನ್ ವಾಚನಾಲಯದ ಬೀಗ ತೆಗೆದು ಕೊಟ್ಟ. ಗೇಟಿನ ಅಧ್ಯಾಯವನ್ನು ಅವಳು ಪೂರ್ತಿ ಓದಿದಳು. ಹನ್ನೆರಡು ವರ್ಷದ ಲೆಕ್ಕ ಯಾರದೆಂದು ಹೆಸರು ಹಿಡಿದು ಹೇಳಿದಳು. ತಾನು ಹಿಂದೆ ಓದಿದ ಸಾಲು ತಪ್ಪು ಎಂದಳು.

ಅಷ್ಟರಲ್ಲಿ ಹಳೆಯ ವರದಿ ಸರ್ಕಾರದ ಮೇಜು ತಲುಪಿಯಾಗಿತ್ತು. ಎರಡು ತಿಂಗಳು ಮರುವಾಯಿ ತೆಗೆಯಬಾರದೆಂಬ ಆದೇಶ ದೋಣಿಕಟ್ಟೆಯ ಕಂಬಕ್ಕೆ ಅಂಟಿತ್ತು. ಗೇಟಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

"ಕ್ಷಮಿಸಿದ್ರಾ ಅಮ್ಮಾ?" ಎಂದು ಬಸ್ ನಿಲ್ದಾಣದಲ್ಲಿ ಜಿಸ್ಮಿ ಕೇಳಿದಳು.

"ಇಲ್ಲ," ಎಂದಳು ವಿಲಾಸಿನಿ. "ನಾಳೆ ಕಲೆಕ್ಟರ್ ಆಫೀಸಿಗೆ ಅರ್ಜಿ ಕೊಡ್ಬೇಕು. ಮೂವತ್ತೊಂದು ಜನ ಸಹಿ ಹಾಕಿದೀವಿ. ನಿಂದೂ ಹಾಕು, ಹೆಸರಿನ ಮುಂದೆ ಆ ಡಿಗ್ರಿ ಎಲ್ಲಾ ಸೇರಿಸಿ."

ಬಸ್ಸು ಬಂತು. ಜಿಸ್ಮಿ ಹತ್ತಲಿಲ್ಲ.